ಯೋಧನ ಹಕ್ಕು ಮತ್ತು ಪ್ರತಿನಿಧಿಯ ಕೈ: ನೀಲಗುಂದದ ನೆಲೆಯಿಂದ ಒಂದು ಐತಿಹಾಸಿಕ ವಿಚಾರ

ಯುದ್ಧಸೇವೆ ಸಲ್ಲಿಸಿದವನಿಗೆ ರಾಜ್ಯವು ಏನನ್ನು ಕೊಡಬೇಕೆಂಬ ಪ್ರಶ್ನೆಯನ್ನು ನಮ್ಮ ಇತಿಹಾಸಕಾರರು ವಿಸ್ತಾರವಾಗಿಯೇ ವಿಚಾರಿಸಿದ್ದಾರೆ. ವೀರಗಲ್ಲುಗಳನ್ನೂ ದತ್ತಿಶಾಸನಗಳನ್ನೂ ಕುರಿತು ನಡೆದಿರುವ ಸಂಶೋಧನೆಯ ಬಹುಭಾಗ ಈ ಪ್ರಶ್ನೆಗೆ ಸಂಬಂಧಿಸಿದ್ದು. ಆದರೆ ಹಾಗೆ ಕೊಟ್ಟುದನ್ನು ಯೋಧನ ಪರವಾಗಿ ಯಾರು ಸ್ವೀಕರಿಸಬಹುದು, ಸ್ವೀಕರಿಸಿದವನ ಅಧಿಕಾರಕ್ಕೆ ಮೇರೆ ಯಾವುದು, ಅವನು ಮೇರೆ ಮೀರಿದರೆ ತಡೆಯುವವರು ಯಾರು ಎಂಬ ಪ್ರಶ್ನೆಗಳಿಗೆ ಅಷ್ಟು ಗಮನ ದೊರೆತಿಲ್ಲ. ಮುಪ್ಪಿನಿಂದ ಹಾಸಿಗೆ ಹಿಡಿದ ಮಾಜಿ ಸೈನಿಕನಿಗೂ ಅಕ್ಷರ ಬಾರದ ವಿಧವೆಗೂ ಮೊದಲನೆಯ ಪ್ರಶ್ನೆಗಿಂತ ಎರಡನೆಯದೇ ಹೆಚ್ಚು ಹತ್ತಿರದ್ದು. ಆದುದರಿಂದ ಈ ಲೇಖನದಲ್ಲಿ ನಾವು ಯೋಧನ ಸೌಲಭ್ಯಗಳ ವಿಷಯದಲ್ಲಿ ಪ್ರತಿನಿಧಿಗೆ ಅಧಿಕಾರ ಕೊಡುವ ಪದ್ಧತಿ ಹೇಗೆ ಬೆಳೆದುಬಂದಿತೆಂಬುದನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ನೀಲಗುಂದವನ್ನು ನೆಲೆಯಾಗಿ ಇಟ್ಟುಕೊಂಡುದಕ್ಕೆ ಕಾರಣ ಮುಂದೆ ತಿಳಿಯುವುದು.

೧

ಹರಪನಹಳ್ಳಿ ತಾಲ್ಲೂಕಿನ ನೀಲಗುಂದವು ಕಲ್ಯಾಣ ಚಾಲುಕ್ಯರ ಶೈಲಿಯ ಭೀಮೇಶ್ವರ ದೇವಾಲಯದಿಂದಲೂ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಗೆ ಸೇರಿದ ಕ್ರಿ.ಶ. ೧೦೮೭ ಮತ್ತು ೧೧೨೩ರ ತಾಮ್ರಶಾಸನಗಳಿಂದಲೂ ವಿದ್ವಾಂಸರಿಗೆ ಪರಿಚಿತವಾದ ಗ್ರಾಮ. ಇದೇ ಹೆಸರಿನ ಇನ್ನೊಂದು ಗ್ರಾಮ ಗದಗ ಸೀಮೆಯಲ್ಲಿದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಕ್ರಿ.ಶ. ೮೬೬ರ ಪ್ರಸಿದ್ಧ ಶಾಸನ ಆ ನೀಲಗುಂದದ್ದೇ ಹೊರತು ನಮ್ಮದಲ್ಲ. ಈ ಎರಡನ್ನೂ ಬೆರೆಸಬಾರದೆಂದು ಶಾಸನಾಭ್ಯಾಸಿಗಳು ತಿಳಿದಿರುತ್ತಾರೆ. ಊರಿನ ಹೆಸರು, ವ್ಯಕ್ತಿಯ ಹೆಸರು, ತಂದೆಯ ಹೆಸರು ಇವುಗಳ ಗೊಂದಲವು ಶಾಸನಾಭ್ಯಾಸಿಗೆ ಬರಿಯ ಪಾಠದೋಷ. ಪಿಂಚಣಿಯ ಕಾಗದವನ್ನು ಹಿಡಿದು ನಿಂತವರಿಗೆ ಮಾತ್ರ ಅದು ಅನ್ನದ ಪ್ರಶ್ನೆ.

ಗ್ರಾಮವು ನೆಲದಿಂದ ಕದಲದಿದ್ದರೂ ಅದರ ಮೇಲ್ವಿಳಾಸ ಪದೇ ಪದೇ ಬದಲಾಗಿದೆ. ನಿಜಾಮನು ೧೮೦೦ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟ ದತ್ತಮಂಡಲಗಳಿಗೆ ಸೇರಿದ ಈ ಸೀಮೆಯು ಮದರಾಸು ಅಧಿಪತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ೧೯೫೩ರ ಅಕ್ಟೋಬರ್ ೧ರಂದು ಮೈಸೂರು ರಾಜ್ಯಕ್ಕೆ ಬಂದಿತು. ೧೯೭೩ರಲ್ಲಿ ಆ ರಾಜ್ಯದ ಹೆಸರು ಕರ್ನಾಟಕವಾಯಿತು. ೧೯೯೭ರಲ್ಲಿ ಹರಪನಹಳ್ಳಿ ತಾಲ್ಲೂಕನ್ನು ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಲಾಯಿತು, ೨೦೧೮ರಲ್ಲಿ ಮರಳಿ ಬಳ್ಳಾರಿಗೆ ತರಲಾಯಿತು, ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ರಚನೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಡನೆ ಅದಕ್ಕೆ ಸೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಸೀಮೆಯಿಂದ ಸೈನ್ಯಕ್ಕೆ ಸೇರಿದ ಒಬ್ಬನ ದಾಖಲೆಯಲ್ಲಿ ಮದರಾಸು ಅಧಿಪತ್ಯವೆಂದು ಬರೆದಿದ್ದರೆ, ಅದೇ ಮನೆಯ ಮೊಮ್ಮಗನ ದಾಖಲೆಯಲ್ಲಿ ವಿಜಯನಗರ ಜಿಲ್ಲೆಯೆಂದು ಇರುವುದು. ಈ ಎರಡು ಕಾಗದಗಳೂ ಒಂದೇ ಮನೆಯವು ಎಂದು ತೋರಿಸಿಕೊಡಲು ಯಾರಾದರೊಬ್ಬರು ಕಚೇರಿಗೆ ಹೋಗಲೇಬೇಕು. ಪ್ರತಿನಿಧಿಯ ಅಗತ್ಯವು ಹುಟ್ಟುವುದು ಇಲ್ಲಿಯೇ.

೨

ಪ್ರಾಚೀನ ಕರ್ನಾಟಕದಲ್ಲಿ ಯೋಧನಿಗೆ ಸಲ್ಲುತ್ತಿದ್ದ ಸೌಲಭ್ಯಗಳು ಪ್ರಧಾನವಾಗಿ ಭೂಮಿಯ ರೂಪದಲ್ಲಿದ್ದುವು. ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಮೊದಲಾದ ಪಾರಿಭಾಷಿಕ ಪದಗಳು ಶಾಸನಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಬಾಳ್ಗಳ್ಚು ಎಂದರೆ ಕತ್ತಿಯನ್ನು ತೊಳೆಯುವ ಸಂದರ್ಭದ ಕೊಡುಗೆ. ನೆತ್ತರುಗೊಡಗೆ ಎಂದರೆ ಚೆಲ್ಲಿದ ರಕ್ತಕ್ಕೆ ಕೊಟ್ಟ ನೆಲ. ಈ ಕೊಡುಗೆಗಳು ಯಾರ ಕೈಗೆ ಸೇರಿದುವೆಂಬುದನ್ನು ತಿಳಿಯಲು ಎರಡು ಶಾಸನಗಳು ವಿಶೇಷವಾಗಿ ಉಪಯುಕ್ತವಾಗಿವೆ.

ಮೊದಲನೆಯದು ಬೆಂಗಳೂರಿನ ಬಳಿಯ ಬೇಗೂರಿನ ವೀರಗಲ್ಲು. ಒಂಬತ್ತನೆಯ ಶತಮಾನದ ಕೊನೆಗೆ ಅಥವಾ ಹತ್ತನೆಯ ಶತಮಾನದ ಆದಿಗೆ ಸೇರಿದ ಈ ಶಿಲಾಲೇಖದ ಪ್ರಕಾರ ಗಂಗರಾಜನಾದ ಎರೆಯಪ್ಪನ ಆಜ್ಞೆಯಂತೆ ನಾಗತ್ತರನು ಅಯ್ಯಪದೇವನಿಗೆ ನೆರವಾಗಿ ಹೋಗಿ, ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಹೋರಾಡಿ ಮಡಿದನು. ಸುದ್ದಿ ತಿಳಿದ ಎರೆಯಪ್ಪನು ಇರುಗನೆಂಬುವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಇಲ್ಲಿ ಇರುಗನು ಮೃತನ ಪ್ರತಿನಿಧಿಯಲ್ಲವೆಂಬುದನ್ನು ನಾವು ಗಮನಿಸಬೇಕು. ಸ್ವಾಮಿಯೇ ಅವನನ್ನು ನೇರವಾಗಿ ಹೆಸರಿಸಿದ್ದಾನೆ. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ ಕಲ್ಲಿನ ಮೇಲೆ ಬರೆಸಿದ್ದಾನೆ. ಹಕ್ಕು ಯಾರಿಗೆ ಬಂದಿತೆಂಬುದು ಊರಿನ ಎದುರಿಗೆ ಘೋಷಿತವಾಗಿದೆ.

ಎರಡನೆಯದು ಶಕ ೮೭೨, ಎಂದರೆ ಕ್ರಿ.ಶ. ೯೪೯-೫೦ರ ಆತಕೂರು ಶಾಸನ. ತಕ್ಕೋಲದ ಯುದ್ಧದಲ್ಲಿ ಮಣಲೇರನು ತೋರಿದ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಕೇಳೆಂದಾಗ ಅವನು ಕಾಳಿಯೆಂಬ ಬೇಟೆನಾಯಿಯನ್ನು ಕೇಳಿ ಪಡೆದ ಕಥೆ ಪ್ರಸಿದ್ಧವಾದುದು. ಆ ನಾಯಿಯು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ ಅದಕ್ಕೆ ಭೂಮಿ ಬಿಡಲಾಯಿತು. ಅದಲ್ಲದೆ ಮಣಲೇರನಿಗೆ ಆತುಕೂರು ಹನ್ನೆರಡನ್ನೂ ಬೆಳ್ವೊಲದ ಕಾಡಿಯೂರನ್ನೂ ಬಾಳ್ಗಳ್ಚಾಗಿ ಕೊಡಲಾಯಿತು. ಬದುಕಿರುವ ಯೋಧನ ಹೆಸರಿನಲ್ಲಿಯೇ ಸೌಲಭ್ಯ ದಾಖಲಾದುದಕ್ಕೆ ಇದು ಒಳ್ಳೆಯ ನಿದರ್ಶನ.

ಆದರೆ ನಮ್ಮ ವಿಷಯಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆಯುಳ್ಳದ್ದು ಕಲ್ಲಿಗೆ ಬಿಟ್ಟ ಭೂಮಿಯ ವ್ಯವಸ್ಥೆ. ಸತ್ತುಹೋದುದು ತನ್ನ ದತ್ತಿಯನ್ನು ತಾನೇ ಅನುಭವಿಸಲಾರದು. ಅದರ ಪರವಾಗಿ ಆ ಸ್ಥಾನವನ್ನು ಆಳುವ ಗೊರವನು ಅದನ್ನು ನೋಡಿಕೊಳ್ಳಬೇಕು. ಆ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಒಳಗಾಗುವನೆಂದು ಶಾಸನ ಸ್ಪಷ್ಟವಾಗಿ ವಿಧಿಸಿದೆ. ಎಂದರೆ, ಭೂಮಿಯ ಫಲ ಗೊರವನ ಕೈಯಲ್ಲಿದ್ದರೂ ಅದು ಕರ್ತವ್ಯದಿಂದ ಬಂಧಿತವಾದುದು; ಕರ್ತವ್ಯ ಬಿಟ್ಟು ಫಲವನ್ನು ಮಾತ್ರ ತೆಗೆದುಕೊಂಡರೆ ಅದು ಅಪರಾಧ. ಪರರ ಹಕ್ಕನ್ನು ಕೈಯಲ್ಲಿ ಹಿಡಿದವನಿಗೆ ಅನ್ವಯಿಸುವ ನಿಯಮವು ಕನ್ನಡದಲ್ಲಿ ಇಷ್ಟು ಹಿಂದೆಯೇ ಇಷ್ಟು ಖಚಿತವಾಗಿ ಬರೆಯಲ್ಪಟ್ಟಿರುವುದು ಗಮನಾರ್ಹವಾಗಿದೆ. ಈ ನಿಯಮವನ್ನು ಕಾಯುತ್ತಿದ್ದುದು ನ್ಯಾಯಾಲಯವಲ್ಲ. ಎಲ್ಲರ ಕಣ್ಣಿಗೆ ಬೀಳುವ ಕಲ್ಲು ಮತ್ತು ಅದನ್ನು ನೋಡುತ್ತಿದ್ದ ಊರು.

೩

ಕಲ್ಲಿನಿಂದ ಕಾಗದಕ್ಕೆ ಬಂದಾಗ ಸಾಕ್ಷಿಯ ಸ್ವರೂಪವೇ ಬದಲಾಯಿತು. ದತ್ತಮಂಡಲಗಳು ಕಂಪೆನಿಯ ಕೈಗೆ ಬಂದಾಗ ಅಲ್ಲಿ ಸುಮಾರು ೮೦ ಮಂದಿ ಪಾಳೆಯಗಾರರೂ ಅವರ ಅಧೀನದಲ್ಲಿ ಸುಮಾರು ೩೦,೦೦೦ ಆಯುಧಪಾಣಿಗಳೂ ಇದ್ದರು. ೧೮೦೦ರಿಂದ ೧೮೦೭ರವರೆಗೆ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋ ಈ ಪಾಳೆಯಗಾರರ ಸೈನಿಕ ಶಕ್ತಿಯನ್ನು ಮುರಿದನು. ಕಟ್ಟುಬಡಿಗಳೇ ಮೊದಲಾಗಿ ಸೇವೆಗೆ ಪ್ರತಿಯಾಗಿ ನೆಲ ಉಣ್ಣುತ್ತಿದ್ದವರ ಸೇವೆಯು ಕ್ರಮೇಣ ಬೇಡವಾಯಿತು. ೧೮೫೮ರಲ್ಲಿ ಮದರಾಸಿನಲ್ಲಿ ಆರಂಭವಾದ ಇನಾಮು ಆಯೋಗವು ಅಂತಹ ಅನೇಕ ಇನಾಮುಗಳಿಗೆ ಲಘುಕಂದಾಯವನ್ನು ಗೊತ್ತುಮಾಡಿ ಹಿಡುವಳಿದಾರರಿಗೆ ಸ್ಥಿರಪಡಿಸಿತು. ಹಾಗೆ ಸೇವೆಯಿಂದ ಬಿಡುಗಡೆಯಾದ ಭೂಮಿಯನ್ನು ಮಾರಬಹುದಾಗಿತ್ತು, ಅಡವಿಡಬಹುದಾಗಿತ್ತು. ಒಂದು ಕಾಲಕ್ಕೆ ಯೋಧನ ಮನೆತನವನ್ನು ಸಾಕುತ್ತಿದ್ದ ಸೌಲಭ್ಯವು ಸಾಹುಕಾರನ ಪಾಲಾಗಲು ಕಾನೂನಿನ ಅಡ್ಡಿಯೇನೂ ಉಳಿಯಲಿಲ್ಲ.

ಆದರೆ ನಗದು ಪಿಂಚಣಿಯ ವಿಷಯದಲ್ಲಿ ಅದೇ ಸರ್ಕಾರ ಬೇರೊಂದು ದಾರಿಯನ್ನು ಹಿಡಿಯಿತು. ಇದಕ್ಕೆ ಇಂಗ್ಲೆಂಡಿನ ಅನುಭವ ಹಿನ್ನೆಲೆಯಾಗಿತ್ತು. ಅಲ್ಲಿ ಚೆಲ್ಸಿಯಾ ಆಸ್ಪತ್ರೆಯ ಪಟ್ಟಿಯಲ್ಲಿದ್ದ ನಿವೃತ್ತ ಸಿಪಾಯಿಗಳಿಗೆ ಹಣ ತಡವಾಗಿ ಬರುತ್ತಿದ್ದುದರಿಂದ, ಅವರು ಲೇವಾದೇವಿಗಾರರಿಗೆ ಪಿಂಚಣಿಯನ್ನು ಮುಂಚಿತವಾಗಿಯೇ ಬರೆದುಕೊಟ್ಟು ಹಾಳಾಗುತ್ತಿದ್ದರು. ೧೭೫೪ರಲ್ಲಿ ವಿಲಿಯಂ ಪಿಟ್ಟನು ಮುಂದಾಗಿ ನಿಂತು ಈ ಬಗೆಯ ಕರಾರುಗಳನ್ನು ಅಸಿಂಧುಗೊಳಿಸಿ, ಪಿಂಚಣಿಯ ಭಾಗವನ್ನು ಮುಂಗಡವಾಗಿ ಕೊಡುವ ಶಾಸನವನ್ನು ಮಾಡಿಸಿದನು. ಅಮೆರಿಕದಲ್ಲಿ ಅಂತರ್ಯುದ್ಧದ ಕಾಲದಲ್ಲಿ ಪಿಂಚಣಿಯ ಅರ್ಜಿಗಳನ್ನು ನಡೆಸಿಕೊಡುವ ಮಧ್ಯವರ್ತಿಗಳು ಹೆಚ್ಚಿದಾಗ, ಅವರ ಶುಲ್ಕಕ್ಕೆ ೧೮೬೨ರಲ್ಲಿ ೫ ಡಾಲರುಗಳ, ೧೮೬೪ರಲ್ಲಿ ೧೦ ಡಾಲರುಗಳ ಮಿತಿಯನ್ನು ಹಾಕಲಾಯಿತು. ಆ ೧೦ ಡಾಲರಿನ ಮಿತಿಯನ್ನು ೧೯೮೫ರಲ್ಲಿಯೂ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು, ೧೯೮೮ರ ಶಾಸನದ ಅನಂತರವೇ ಅದು ಸಡಿಲವಾಯಿತು. ಮಧ್ಯವರ್ತಿಯ ಆಸೆಯು ಯಾವ ಒಂದು ದೇಶದ ವಿಶೇಷವೂ ಅಲ್ಲವೆಂಬುದಕ್ಕೆ ಇವು ಸಾಕ್ಷಿ.

ಭಾರತದಲ್ಲಿ ಈ ವಿಷಯದ ಮೂಲಶಾಸನ ೧೮೭೧ರ ಪಿಂಚಣಿ ಕಾಯಿದೆ. ಇದರ ೧೧ನೆಯ ಕಲಮಿನಂತೆ ಹಿಂದಿನ ಸೇವೆಗಾಗಿ ಸರ್ಕಾರ ಕೊಡುವ ಪಿಂಚಣಿಯನ್ನು ಸಾಲಗಾರನ ಕೋರಿಕೆಯ ಮೇಲೆ ಜಪ್ತಿ ಮಾಡುವಂತಿಲ್ಲ. ೧೨ನೆಯ ಕಲಮಿನಂತೆ, ಇನ್ನೂ ಸಲ್ಲಬೇಕಾದ ಕಾಲ ಬಾರದಿರುವ ಪಿಂಚಣಿಯ ಹಣವನ್ನು ಕುರಿತು ಪಿಂಚಣಿದಾರನು ಮಾಡಿಕೊಟ್ಟ ವರ್ಗಾವಣೆ, ಕರಾರು, ಕ್ರಯ, ಆಧಾರಪತ್ರ ಎಲ್ಲವೂ ನಿರರ್ಥಕ. ಈ ಮಾತಿನ ಒಳಾರ್ಥವನ್ನು ನಾವು ಸ್ವಲ್ಪ ಬಿಡಿಸಿ ನೋಡಬೇಕು. ಈಗಾಗಲೇ ಬಾಕಿಯಿರುವ ಹಣವನ್ನು ತಂದುಕೊಡೆಂದು ಒಬ್ಬನಿಗೆ ಹೇಳಲು ಕಾಯಿದೆಯ ಅಡ್ಡಿಯಿಲ್ಲ. ಮುಂದಿನ ವರ್ಷಗಳ ಪಿಂಚಣಿ ನಿನ್ನದೇ ಎಂದು ಬರೆದುಕೊಡಲು ಮಾತ್ರ ಅವಕಾಶವಿಲ್ಲ. ಕೈಯನ್ನು ಎರವಲು ಕೊಡಬಹುದು, ಹಕ್ಕನ್ನು ಕೊಡಲಾಗದು. ಬಳ್ಳಾರಿ ಸೀಮೆಯಲ್ಲಿ ಸೇವಾಭೂಮಿಗಳು ಕ್ರಯಯೋಗ್ಯವಾಗುತ್ತಿದ್ದ ತಲೆಮಾರಿನಲ್ಲಿಯೇ ಪಿಂಚಣಿಯು ಕ್ರಯಕ್ಕೆ ಅತೀತವಾದುದು, ಈ ಇತಿಹಾಸದ ಮುಖ್ಯ ತಿರುವೆಂದು ನಮ್ಮ ಅಭಿಪ್ರಾಯ.

೪

ಸೈನಿಕನು ಸೇವೆಯಲ್ಲಿರುವಾಗಲೇ ಊರಿನಲ್ಲಿ ಅವನ ಪರವಾಗಿ ನಿಲ್ಲುವವರು ಬೇಕಾಗುತ್ತದೆ. ೧೯೦೮ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ೨೮ನೆಯ ಆದೇಶವು ಈ ವಿಷಯಕ್ಕೇ ಮೀಸಲಾಗಿದೆ. ವ್ಯಾಜ್ಯದಲ್ಲಿ ಪಕ್ಷಗಾರನಾದ ಸೈನಿಕನಿಗೆ ಸ್ವತಃ ಬಂದು ಅದನ್ನು ನಡೆಸಲು ರಜೆ ದೊರೆಯದಿದ್ದರೆ ಅವನು ತನ್ನ ಬದಲಿಗೆ ಯಾವನೊಬ್ಬನಿಗಾದರೂ ಅಧಿಕಾರ ಕೊಡಬಹುದು. ಆ ಅಧಿಕಾರ ಲಿಖಿತವಾಗಿರಬೇಕು. ದಳನಾಯಕನ ಸಮ್ಮುಖದಲ್ಲಿ ಸಹಿಯಾಗಬೇಕು. ದಳನಾಯಕನು ಅದಕ್ಕೆ ಮೇಲುಸಹಿ ಹಾಕಬೇಕು. ಅದು ನ್ಯಾಯಾಲಯದಲ್ಲಿ ದಾಖಲಾಗಬೇಕು. ಮೇಲುಸಹಿಯೇ ಪತ್ರದ ಸತ್ಯತೆಗೂ ರಜೆ ದೊರೆಯದಿದ್ದುದಕ್ಕೂ ಸಾಕಾದ ಪ್ರಮಾಣ. ೧೯೨೫ರಲ್ಲಿ ಬಂದ ಭಾರತೀಯ ಸೈನಿಕರ ವ್ಯಾಜ್ಯ ಕಾಯಿದೆಯು ವಿಶೇಷ ಪರಿಸ್ಥಿತಿಯಲ್ಲಿ ಸೇವೆ ಸಲ್ಲಿಸುತ್ತಿರುವವನು ಗೈರುಹಾಜರಾದನೆಂದು ಅವನ ಹಿತಕ್ಕೆ ಹಾನಿಯಾಗದಂತೆ ನೋಡಿಕೊಂಡಿತು.

ಮೊದಲನೆಯ ಮಹಾಯುದ್ಧದ ಕೊನೆಗೆ, ೧೯೧೯ರಲ್ಲಿ, ಭಾರತೀಯ ಸೈನಿಕರ ಮಂಡಳಿಯು ಸ್ಥಾಪಿತವಾಯಿತು. ಹಲವು ರೂಪಾಂತರಗಳನ್ನು ಹೊಂದಿ ೧೯೭೫ರಲ್ಲಿ ಕೇಂದ್ರೀಯ ಸೈನಿಕ ಮಂಡಳಿಯಾಯಿತು. ರಾಜ್ಯ ಮತ್ತು ಜಿಲ್ಲಾ ಮಟ್ಟದ ಸೈನಿಕ ಕಲ್ಯಾಣ ವ್ಯವಸ್ಥೆಯು ಇದರೊಡನೆ ಹೊಂದಿಕೊಂಡದ್ದು. ಮಾಜಿ ಸೈನಿಕನಿಗೂ ದೂರದ ಅಭಿಲೇಖ ಕಚೇರಿಗೂ ನಡುವೆ ಶುಲ್ಕವಿಲ್ಲದೆ ಓಡಾಡುವ ಒಂದು ಸಾರ್ವಜನಿಕ ಕೈಯನ್ನು ಒದಗಿಸುವುದೇ ಇದರ ಮಹತ್ತ್ವ. ಪ್ರತಿನಿಧಿಯನ್ನು ಸಂಪೂರ್ಣವಾಗಿ ಖಾಸಗಿಯವರಿಗೆ ಬಿಟ್ಟುಬಿಡಲಾಗದೆಂಬ ತಿಳಿವಳಿಕೆ ಇಲ್ಲಿ ಕಾಣುತ್ತದೆ.

೫

ಸ್ವಾತಂತ್ರ್ಯಾನಂತರ ಪಿಂಚಣಿಯ ಸ್ವರೂಪವನ್ನು ನ್ಯಾಯಾಲಯಗಳು ಇನ್ನಷ್ಟು ಸ್ಪಷ್ಟಪಡಿಸಿದುವು. ೧೯೭೧ರಲ್ಲಿ ದೇವಕಿನಂದನ ಪ್ರಸಾದರ ಮೊಕದ್ದಮೆಯಲ್ಲಿಯೂ ೧೯೮೨ರ ಡಿಸೆಂಬರಿನಲ್ಲಿ ನಕಾರಾ ಅವರ ಮೊಕದ್ದಮೆಯಲ್ಲಿಯೂ ಸರ್ವೋಚ್ಚ ನ್ಯಾಯಾಲಯವು ಪಿಂಚಣಿಯು ದೊರೆಯ ಔದಾರ್ಯವಲ್ಲ, ಹಕ್ಕು ಎಂದು ಸಾರಿತು. ೧೯೮೦ರ ಜೋಧ್‌ಸಿಂಗರ ಮೊಕದ್ದಮೆಯು ವಾಯುಸೇನೆಯ ಒಬ್ಬ ಅಧಿಕಾರಿಯ ವಿಧವೆಗೆ ಸಂಬಂಧಿಸಿದ್ದು. ಕುಟುಂಬ ಪಿಂಚಣಿಯು ವಿಧವೆಯೆಂಬ ಸ್ಥಾನದಿಂದ ಅವಳಿಗೆ ಬರುವುದೇ ಹೊರತು ಮೃತನ ಆಸ್ತಿಯಾಗಿ ಅಲ್ಲ, ಆದುದರಿಂದ ಅದನ್ನು ಉಯಿಲಿನ ಮೂಲಕ ಬೇರೆಯವರಿಗೆ ಕೊಡಲಾಗದು ಎಂದು ಅಲ್ಲಿ ನಿರ್ಣಯವಾಯಿತು. ೧೯೮೨ರ ತಿದ್ದುಪಡಿಯಿಂದ ಪಿಂಚಣಿ ಕಾಯಿದೆಗೆ ಸೇರಿದ ೧೨-ಎ ಕಲಮಿನಂತೆ ಪಿಂಚಣಿದಾರನು ತನ್ನ ಮರಣಾನಂತರ ಉಳಿದ ಬಾಕಿಯನ್ನು ಪಡೆಯಲು ಒಬ್ಬರನ್ನು ನಾಮನಿರ್ದೇಶ ಮಾಡಬಹುದು.

ಹೀಗೆ ಮೂರು ಬೇರೆ ಬೇರೆ ಸ್ಥಾನಗಳು ಏರ್ಪಟ್ಟಿವೆ. ಬದುಕಿರುವಾಗ ಅವನ ಪರವಾಗಿ ಓಡಾಡುವವನು ಪ್ರತಿನಿಧಿ. ಸತ್ತ ಮೇಲೆ ಬಾಕಿಯನ್ನು ಪಡೆಯುವವನು ನಾಮನಿರ್ದೇಶಿತ. ಕುಟುಂಬ ಪಿಂಚಣಿಗೆ ಅರ್ಹಳಾದ ವಿಧವೆ ಸ್ವತಂತ್ರ ಹಕ್ಕುದಾರಳು. ಗ್ರಾಮಗಳಲ್ಲಿ ಈ ಮೂರನ್ನೂ ಒಂದೇ ಎಂದು ಭಾವಿಸುವುದುಂಟು. ಗಂಡನು ಬದುಕಿದ್ದಾಗ ತಮ್ಮನಿಗೆ ಮುಖ್ತ್ಯಾರನಾಮೆ ಬರೆದುಕೊಟ್ಟಿದ್ದನೆಂಬ ಕಾರಣದಿಂದ, ಅವನ ಮರಣಾನಂತರವೂ ತಮ್ಮನೇ ಪಿಂಚಣಿಯ ಯಜಮಾನನೆಂದು ವಿಧವೆಯು ನಂಬಿ ಸುಮ್ಮನಿದ್ದರೆ, ಅವಳ ಪಾಲಿಗೆ ನ್ಯಾಯಾಲಯದ ಯಾವ ತೀರ್ಪೂ ಇಲ್ಲದಂತೆಯೇ ಸರಿ. ೧೮೭೨ರ ಕರಾರು ಕಾಯಿದೆಯ ೨೦೧ನೆಯ ಕಲಮಿನಂತೆ ಅಧಿಕಾರ ಕೊಟ್ಟವನ ಮರಣದೊಡನೆ ಪ್ರತಿನಿಧಿತ್ವವು ಮುಗಿಯುತ್ತದೆ.

ಅದೇ ಕಲಮು ಇನ್ನೊಂದು ಮಾತನ್ನೂ ಹೇಳುತ್ತದೆ: ಕೊಟ್ಟವನಿಗೆ ಚಿತ್ತಸ್ವಾಸ್ಥ್ಯ ತಪ್ಪಿದರೂ ಅಧಿಕಾರ ಮುಗಿಯುವುದು. ಈ ನಿಯಮದ ಉದ್ದೇಶ ರಕ್ಷಣೆಯೇ. ತಾನು ಕೊಟ್ಟುದನ್ನು ಹಿಂದಕ್ಕೆ ಪಡೆಯಲಾಗದವನ ಹೆಸರಿನಲ್ಲಿ ಮತ್ತೊಬ್ಬನು ವ್ಯವಹರಿಸಬಾರದು. ಆದರೆ ಪರಿಣಾಮವು ಕಠಿಣವಾದುದು. ಮರೆವಿನ ರೋಗಕ್ಕೆ ತುತ್ತಾದ ವೃದ್ಧ ಯೋಧನಿಗೆ ಪ್ರತಿನಿಧಿಯು ಅತ್ಯಂತ ಅವಶ್ಯವಾದ ಗಳಿಗೆಯಲ್ಲಿಯೇ ಅವನು ಬರೆದುಕೊಟ್ಟ ಪತ್ರ ಬಲವನ್ನು ಕಳೆದುಕೊಳ್ಳುತ್ತದೆ. ಪ್ರಜ್ಞೆ ತಪ್ಪಿ ಮಲಗಿದವರ ವಿಷಯದಲ್ಲಿ ಪಾಲಕರನ್ನು ನೇಮಿಸುವ ಬಗೆಗೆ ೨೦೧೯ರಲ್ಲಿ ಕೇರಳದ ಉಚ್ಚ ನ್ಯಾಯಾಲಯವು ಮಾರ್ಗಸೂತ್ರಗಳನ್ನು ಹಾಕಿಕೊಡಬೇಕಾಯಿತು. ೨೦೧೬ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಸೀಮಿತ ಪಾಲಕತ್ವವೆಂಬ ಕಲ್ಪನೆಯನ್ನು ತಂದಿತು. ಆದರೂ ನೀಲಗುಂದದಂತಹ ಗ್ರಾಮದ ಒಂದು ಕುಟುಂಬವು ಇವುಗಳನ್ನು ಹಿಡಿದು ಉಚ್ಚ ನ್ಯಾಯಾಲಯದವರೆಗೆ ನಡೆಯುವುದು ಸುಲಭಸಾಧ್ಯವಲ್ಲ.

ಶರೀರ ಮಾತ್ರ ಸೋತು ಮನಸ್ಸು ನೆಟ್ಟಗಿರುವವರಿಗೆ ದಾರಿ ಇಷ್ಟು ದುರ್ಗಮವಲ್ಲ. ಸಹಿ ಮಾಡಲಾರದ ಪಿಂಚಣಿದಾರನ ಹೆಬ್ಬೆರಳಿನ ಅಥವಾ ಕಾಲ್ಬೆರಳಿನ ಗುರುತನ್ನು ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಿದರೆ, ಮತ್ತು ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿದ್ದರೆ, ಹಣವನ್ನು ಕೊಡಬಹುದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶವಿದೆ. ಹಣವನ್ನು ಯಾರು ಒಯ್ಯುವರೆಂಬುದನ್ನೂ ಪಿಂಚಣಿದಾರನೇ ಸೂಚಿಸಬೇಕು. ಸಾಕ್ಷಿಗಳ ಎದುರಿನಲ್ಲಿ ಕೊಡುವ ಹಳೆಯ ಪದ್ಧತಿಯೇ ಇಲ್ಲಿ ಹೊಸ ಉಡುಪಿನಲ್ಲಿ ಕಾಣುತ್ತದೆ.

೬

ಈಚಿನ ವರ್ಷಗಳಲ್ಲಿ ರಕ್ಷಣಾ ಪಿಂಚಣಿಯ ಆಡಳಿತವು ಸ್ಪರ್ಶ್ ಎಂಬ ಗಣಕವ್ಯವಸ್ಥೆಗೆ ಬಂದಿದೆ. ೨೦೧೪ರ ನವೆಂಬರಿನಲ್ಲಿ ಆರಂಭವಾದ ಜೀವನ ಪ್ರಮಾಣ ಯೋಜನೆಯಿಂದ ಬದುಕಿರುವ ಪುರಾವೆಯನ್ನು ಊರಿನಿಂದಲೇ ಕೊಡಬಹುದಾಗಿದೆ. ಇದರಿಂದ ಮುದುಕರ ಪ್ರಯಾಣ ತಪ್ಪಿದುದು ದೊಡ್ಡ ಉಪಕಾರ. ಆದರೆ ಪ್ರತಿನಿಧಿಯ ಪ್ರಶ್ನೆ ತಪ್ಪಲಿಲ್ಲ, ರೂಪವನ್ನು ಬದಲಿಸಿತು. ಗುಪ್ತಪದವನ್ನೂ ದೂರವಾಣಿಗೆ ಬರುವ ಸಂಖ್ಯೆಯನ್ನೂ ಪರಿಚಿತನಿಗೆ ಹೇಳಿಬಿಡುವ ವೃದ್ಧೆಯು, ತಾನು ಯಾವ ಸಾಕ್ಷಿಯೂ ಇಲ್ಲದೆ, ಯಾವ ಮೇರೆಯೂ ಇಲ್ಲದೆ ಮುಖ್ತ್ಯಾರನಾಮೆಯನ್ನೇ ಬರೆದುಕೊಟ್ಟಂತಾಯಿತೆಂದು ತಿಳಿದಿರುವುದಿಲ್ಲ. ದಳನಾಯಕನ ಮೇಲುಸಹಿಯೂ ಅಲ್ಲಿಲ್ಲ, ಊರಿನ ಕಣ್ಣೂ ಅಲ್ಲಿಲ್ಲ.

ಮೇಲಿನ ವಿಚಾರದಿಂದ ಒಂದು ತತ್ತ್ವವು ಸ್ಪಷ್ಟವಾಗುತ್ತದೆ. ಆತಕೂರಿನ ಗೊರವನಿಂದ ಹಿಡಿದು ೧೮೭೧ರ ಕಾಯಿದೆಯವರೆಗೆ, ಅಲ್ಲಿಂದ ಇಂದಿನವರೆಗೆ, ಪ್ರತಿನಿಧಿಯನ್ನು ಯಾವ ಕಾಲವೂ ನಿರಾಕರಿಸಿಲ್ಲ. ಅವನು ಒಡೆಯನಾಗುವುದನ್ನು ಮಾತ್ರ ತಡೆಯಲು ಯತ್ನಿಸಿದೆ. ಆ ತಡೆಯು ಫಲಕಾರಿಯಾದುದು ಅಧಿಕಾರವು ಹತ್ತು ಜನರ ಎದುರಿಗೆ, ಗೊತ್ತಾದ ಕೆಲಸಕ್ಕೆ, ಗೊತ್ತಾದ ಅವಧಿಗೆ ಕೊಡಲ್ಪಟ್ಟಾಗ. ಆದಕಾರಣ ಅಧಿಕಾರಪತ್ರವನ್ನು ಬರೆಯುವವರು ಯಾವ ಕೆಲಸಕ್ಕೆ ಎಂಬುದನ್ನು ಹೆಸರಿಸಿ ಬರೆಯುವುದು, ಕಾಲಮಿತಿಯನ್ನು ಹಾಕುವುದು, ಮೂಲದಾಖಲೆಗಳನ್ನು ತಮ್ಮಲ್ಲಿಯೇ ಉಳಿಸಿಕೊಳ್ಳುವುದು, ಹಣವು ಯೋಧನ ಅಥವಾ ವಿಧವೆಯ ಖಾತೆಗೇ ಸೇರುವಂತೆ ನೋಡುವುದು ಕೇವಲ ಎಚ್ಚರಿಕೆಯ ಮಾತಲ್ಲ. ಸಾವಿರ ವರ್ಷಗಳ ಅನುಭವದ ಸಾರ.

ಇಲಾಖೆಯ ಅಭ್ಯಾಸಿಗಳಿಗೆ ನಮ್ಮದೊಂದು ಸೂಚನೆ. ಹರಪನಹಳ್ಳಿ, ಕೂಡ್ಲಿಗಿ, ಹಡಗಲಿ ಸೀಮೆಗಳ ವೀರಗಲ್ಲುಗಳನ್ನು ನಾವು ಆಸಕ್ತಿಯಿಂದ ಹುಡುಕುತ್ತೇವೆ. ಅದೇ ಊರುಗಳ ಮನೆಗಳ ತಗಡಿನ ಪೆಟ್ಟಿಗೆಗಳಲ್ಲಿರುವ ಬಿಡುಗಡೆ ಪತ್ರಗಳು, ಪಿಂಚಣಿ ಆದೇಶಗಳು, ಹೆಬ್ಬೆಟ್ಟು ಒತ್ತಿದ ಅಧಿಕಾರಪತ್ರಗಳು ಸಹ ಶಾಸನಗಳೇ. ಮನೆಯವರ ಅನುಮತಿಯನ್ನು ಪಡೆದು ಅವುಗಳ ಪ್ರತಿಗಳನ್ನು ಸಂಗ್ರಹಿಸಿದರೆ ಈ ಸೀಮೆಯ ಇತ್ತೀಚಿನ ಇತಿಹಾಸದ ಒಂದು ಬರೆಯದ ಅಧ್ಯಾಯವನ್ನು ಬರೆಯಬಹುದು. ಕಲ್ಲು ಮಳೆಗೂ ಬಿಸಿಲಿಗೂ ತಡೆಯುತ್ತದೆ. ಈ ಕಾಗದಗಳು ಇನ್ನೊಂದು ತಲೆಮಾರಿನ ಕಾಲ ತಡೆಯುವುವೆಂಬ ಭರವಸೆ ನಮಗಿಲ್ಲ.